ಒಂದು ಮುಳ್ಳು ಮಣ್ಣು

ಮಕ್ಕಳೇ, ಆ ಕೆರೆಯನ್ನು ಕಟ್ಟಿದ ಊರಿನವರು ಯಾವಾಗಲೋ ಎದ್ದು ಹೋಗಿದ್ದರು. ಊರಿದ್ದ ಜಾಗದಲ್ಲಿ ಮುತ್ತುಗ, ಬಿದಿರು, ಲಂಟಾನ ಬೆಳೆದು ಕಾಡಾಗಿತ್ತು. ಕೆರೆ ಮಾತ್ರ ಹಾಗೇ ಉಳಿದಿತ್ತು, ನೀರನ್ನು ತಡೆದು ನಿಲ್ಲಿಸಿದ ಮಣ್ಣಿನ ಏರಿಯೂ ಉಳಿದಿತ್ತು. ಏರಿಯ ಈ ಮಗ್ಗುಲಿಗೆ ನೀರು. ಆ ಮಗ್ಗುಲಿಗೆ, ತಗ್ಗಿನಲ್ಲಿ, ಹುಲ್ಲಿನ ಬಯಲು.

ನೀರಿನ ಕಡೆ ಏಡಿಗಳಿದ್ದವು, ಬಯಲಿನ ಕಡೆ ಹೆಗ್ಗಣಗಳು. ಒಬ್ಬರನ್ನು ಕಂಡರೆ ಒಬ್ಬರಿಗೆ ಆಗುತ್ತಿರಲಿಲ್ಲ. ಯಾವುದೋ ಕಾಲದಲ್ಲಿ ಒಂದು ಹೆಗ್ಗಣ ಏಡಿಮರಿಗಳನ್ನು ತಿಂದಿತ್ತು. ಅದಕ್ಕೂ ಮುಂಚೆ ಒಂದು ಏಡಿ ಹೆಗ್ಗಣದ ಬಾಲ ತುಂಡರಿಸಿತ್ತು. ಅದಕ್ಕೂ ಮುಂಚೆ ಏನಾಗಿತ್ತು ಎಂಬುದನ್ನು ಎರಡು ಕಡೆಯವರು ಎರಡು ರೀತಿ ಹೇಳುತ್ತಾರೆ. ನಾವು ಅಷ್ಟು ಹಿಂದಕ್ಕೆ ಹೋಗುವುದು ಬೇಡ. ಹೋದವರು ಯಾರೂ ವಾಪಸು ಬಂದಿಲ್ಲ.

ಏಡಿಗಳ ಹಿರಿಯನ ಹೆಸರು ಇಕ್ಕಳಯ್ಯ. ಒಂದು ದಿನ ಅವನಿಗೊಂದು ಉಪಾಯ ಹೊಳೆಯಿತು. ನೀರಿನ ಕಡೆಯಿಂದ ಏರಿಯೊಳಗೆ ಒಂದು ಬಿಲ ತೋಡುವುದು. ಪೂರ್ತಿ ತೋಡದೆ ಕೊನೆಯಲ್ಲಿ ಒಂದಿಷ್ಟು ಮಣ್ಣು ಬಿಡುವುದು. ಹೆಗ್ಗಣಗಳು ಕೈಮಾಡಿದರೆ ಆ ಮಣ್ಣನ್ನೂ ಕೆರೆದು ಹಾಕಿ ಇಡೀ ಕೆರೆಯನ್ನು ಅವುಗಳ ಮೇಲೆ ಬಿಡುವುದು.

ಹೆಗ್ಗಣಗಳ ಯಜಮಾನಿ ಗುದ್ದಲವ್ವನಿಗೆ ಇದು ಗೊತ್ತಾಯಿತು. ಅವಳೂ ಸುಮ್ಮನಿರುವವಳಲ್ಲ. ಬಯಲಿನ ಕಡೆಯಿಂದ ತಾನೂ ಒಂದು ಬಿಲ ತೋಡಿಸಿದಳು, ಕೊನೆಯಲ್ಲಿ ಒಂದಿಷ್ಟು ಮಣ್ಣು ಬಿಡಿಸಿದಳು. ಏಡಿಗಳು ಕೈಮಾಡಿದರೆ ಆ ಮಣ್ಣನ್ನು ಕಿತ್ತು ಕೆರೆಯನ್ನೇ ಬರಿದು ಮಾಡುತ್ತೇನೆ, ಕೆಸರಿನಲ್ಲಿ ಒಣಗಿ ಸಾಯಲಿ ಎಂದು ಸಾರಿದಳು.

ನೀವು ಜಾಣರು, ನಿಮಗೆ ಆಗಲೇ ತಿಳಿದಿರುತ್ತದೆ. ಯಾವ ಬಿಲ ತೂತಾದರೂ ಹರಿಯುವುದು ಅದೇ ನೀರು. ಹೆಗ್ಗಣಗಳು ಮುಳುಗುತ್ತವೆ, ಏಡಿಗಳು ಒಣಗುತ್ತವೆ. ಇದು ಅವರಿಗೂ ತಿಳಿದಿತ್ತು. ತಿಳಿದೇ ಹೆಮ್ಮೆಪಡುತ್ತಿದ್ದರು. ಕೊನೆಗೆ ಉಳಿಸಿದ ಮಣ್ಣಿಗೆ ಎರಡು ಕಡೆಯವರೂ ಇಟ್ಟಿದ್ದ ಹೆಸರು ಒಂದೇ: ಕಡೇಗೇಣು. ಅದರ ಮುಂದೆ ಹಗಲೂ ಇರುಳೂ ಒಬ್ಬ ಕಾವಲುಗಾರ ಉಗುರು ಮಸೆದುಕೊಂಡು ಕೂತಿರುತ್ತಿದ್ದ. ಅಪ್ಪಣೆ ಬಂದರೆ ಕಪ್ಪೆ ಮೂರು ಸಲ ಕೂಗುವಷ್ಟರಲ್ಲಿ ಕೆಲಸ ಮುಗಿಸುತ್ತೇವೆ ಎನ್ನುತ್ತಿದ್ದರು.

ಹೀಗೆ ಹದಿನಾಲ್ಕು ಮಳೆಗಾಲ ಕಳೆಯಿತು. ಏನೂ ಆಗಲಿಲ್ಲ.

ಏರಿಯ ನೆತ್ತಿಯ ಮೇಲೆ, ಒಂದು ಹೊಂಗೆ ಮರದ ಕೆಳಗೆ, ಚಿಪ್ಪಜ್ಜಿ ಎಂಬ ಆಮೆ ಮೊಟ್ಟೆ ಇಟ್ಟಿದ್ದಳು. ಅಜ್ಜಿಗೆಂಥ ಮೊಟ್ಟೆ ಎಂದು ನಗಬೇಡಿ, ಆಮೆಗಳಲ್ಲಿ ಅಜ್ಜಿಯರೂ ಇಡುತ್ತಾರೆ. ಹನ್ನೊಂದು ಮೊಟ್ಟೆಗಳು. ಚಳಿಗೆ ಮುಂಚೆ ಮಣ್ಣಲ್ಲಿ ಹೂತದ್ದು, ಮುಂಗಾರಿಗೆ ಮಣ್ಣು ಮೆದುವಾದಾಗ ಮರಿಗಳು ಹೊರಗೆ ಬರಬೇಕು. ನಡುವೆ ಅವನ್ನು ಕದಲಿಸುವಂತಿಲ್ಲ. ಹೊರಳಿಸಿದರೆ ಒಳಗಿನ ಜೀವ ಹೋಗುತ್ತದೆ. ಆದ್ದರಿಂದ ಚಿಪ್ಪಜ್ಜಿ ಬೇರೆ ಎಲ್ಲೂ ಹೋಗುವಂತಿರಲಿಲ್ಲ. ದಿನವೂ ಅಲ್ಲಿ ಬಂದು ಹೊಟ್ಟೆಯನ್ನು ನೆಲಕ್ಕೊತ್ತಿ ಮಲಗುತ್ತಿದ್ದಳು. ಆಮೆಗೆ ಕಿವಿಗಿಂತ ಹೊಟ್ಟೆಯ ಚಿಪ್ಪಿನಲ್ಲೇ ಹೆಚ್ಚು ಕೇಳಿಸುತ್ತದೆ.

ಆ ವರ್ಷ ರೋಹಿಣಿ ಮಳೆಯ ಹೊತ್ತಿಗೆ ಒಂದು ಕಾಡುಹಂದಿ ಬಂದು ಏರಿಯ ಮೇಲೆ ಧೊಪ್ಪೆಂದು ಬಿದ್ದು ಮೈ ಉಜ್ಜಿಕೊಂಡಿತು. ಅದಕ್ಕೆ ಬೆನ್ನು ಕೆರೆಯುತ್ತಿತ್ತು, ಅಷ್ಟೆ. ಆದರೆ ಒಳಗಿದ್ದ ಇಬ್ಬರು ಕಾವಲುಗಾರರಿಗೂ ಎದುರಿನವರು ಶುರುಮಾಡಿಯೇಬಿಟ್ಟರು ಅನ್ನಿಸಿತು. ಇಬ್ಬರೂ ತಮ್ಮ ತಮ್ಮ ಕಡೇಗೇಣಿಗೆ ಉಗುರು ಹಾಕಿದರು. ಹಂದಿ ಎದ್ದು ಹೋಯಿತು. ಸದ್ದು ನಿಂತಿತು. ಅವರೂ ನಿಲ್ಲಿಸಿದರು. ಕೆಳಗಡೆ ಇದರ ಸುದ್ದಿಯನ್ನು ಯಾರೂ ಎತ್ತಲಿಲ್ಲ, ಎತ್ತಿದರೆ ತಮ್ಮ ಕಾವಲುಗಾರನಿಗೇ ಅವಮಾನ.

ಚಿಪ್ಪಜ್ಜಿಗೆ ಮಾತ್ರ ಎಲ್ಲ ಕೇಳಿಸಿತ್ತು. ಒಂದು ಉಗುರಿನ ಸದ್ದು, ಅದಕ್ಕಂಟಿದಂತೆ ಇನ್ನೊಂದು. ಎರಡೂ ಅವಳ ಹೊಟ್ಟೆಯ ಕೆಳಗೇ, ಅಕ್ಕಪಕ್ಕದಲ್ಲೇ.

ಅವಳು ತಡಮಾಡದೆ ಹೊರಟಳು. ಆಮೆಯ ವೇಗದಲ್ಲಿ ತಡಮಾಡದೆ ಎಂದರೆ ಎರಡು ದಿನ. ಮೊದಲು ಇಕ್ಕಳಯ್ಯನ ಹತ್ತಿರ ಹೋದಳು, ಆಮೇಲೆ ಗುದ್ದಲವ್ವನ ಹತ್ತಿರ, ಕಡೆಗೆ ಬಿದಿರುಮೆಳೆಯ ಮುಳ್ಳುಹಂದಿ ಮುಳ್ಳಪ್ಪನ ಹತ್ತಿರ. ಮುಳ್ಳಪ್ಪ ಯಾರ ಕಡೆಯವನೂ ಅಲ್ಲ. ಅವನ ಪಕ್ಕಕ್ಕೆ ಯಾರೂ ಕೂರುತ್ತಿರಲಿಲ್ಲವಾದ್ದರಿಂದ ಹಾಗಾಗಿತ್ತು. ಸಭೆಗೆ ಅಧ್ಯಕ್ಷನಾಗಲು ಅದಕ್ಕಿಂತ ಹೆಚ್ಚಿನ ಯೋಗ್ಯತೆ ಆ ಕಾಡಿನಲ್ಲಿ ಬೇಕಿರಲಿಲ್ಲ.

ಸಭೆ ತೂಬಿನ ಕಲ್ಲಿನ ಹತ್ತಿರ ಸೇರಿತು. ತೂಬು ಎಂದರೆ ಹಿಂದೆ ಊರಿನವರು ಗದ್ದೆಗೆ ನೀರು ಬಿಡುತ್ತಿದ್ದ ಕಿಂಡಿ, ಈಗ ಹೂಳು ತುಂಬಿ ಮುಚ್ಚಿತ್ತು. ಒಂದು ಕಡೆ ಏಡಿಗಳು, ಒಂದು ಕಡೆ ಹೆಗ್ಗಣಗಳು, ಸುತ್ತ ಎಲ್ಲೆಲ್ಲೂ ಕಪ್ಪೆಗಳು. ಕಪ್ಪೆಗಳೇ ಸಾರ್ವಜನಿಕರು. ಯಾರು ಕೊನೆಗೆ ಮಾತಾಡಿದರೋ ಅವರ ಪರವಾಗಿ ವಟಗುಟ್ಟುವುದು ಅವರ ಪದ್ಧತಿ.

ಚಿಪ್ಪಜ್ಜಿ ಉದ್ದ ಭಾಷಣ ಮಾಡಲಿಲ್ಲ.

"ಜಗಳ ಬಿಡಿ ಅಂತ ನಾನು ಕೇಳ್ತಿಲ್ಲ. ಅದು ನಿಮ್ಮಿಂದ ಆಗಲ್ಲ, ಬಿಡಿ. ಬಿಲ ಪೂರ್ತಿ ಮುಚ್ಚಿ ಅಂತಲೂ ಕೇಳ್ತಿಲ್ಲ. ಒಂದೊಂದು ಗೇಣು ಮಣ್ಣು ವಾಪಸು ತುಂಬಿ. ಹಂದಿ ಬಿದ್ದರೆ ಅದು ಹಂದಿ ಅಂತ ಗೊತ್ತಾಗೋವಷ್ಟು ಹೊತ್ತಾದರೂ ಸಿಗಲಿ."

ಕಪ್ಪೆಗಳು ಹೌದೌದು ಎಂದವು.

ಗುದ್ದಲವ್ವ ಎದ್ದು ನಿಂತಳು. ಅವಳ ಮಾತಿನಲ್ಲಿ ತೂಕವಿತ್ತು. ಅಜ್ಜಿಯ ಮೇಲೆ ತನಗೆ ಗೌರವವಿದೆ, ಆದರೆ ಒಂದು ವಿಷಯ ಯೋಚಿಸಬೇಕು ಎಂದಳು. ಈ ಬಿಲಗಳು ಬರುವ ಮುಂಚೆ ಪ್ರತಿ ಬೇಸಿಗೆಯಲ್ಲೂ ಎರಡು ಕಡೆ ಹೆಣ ಬೀಳುತ್ತಿತ್ತು. ಬಿಲ ಬಂದ ಮೇಲೆ ಹದಿನಾಲ್ಕು ಮಳೆಗಾಲ ಯಾರೂ ಯಾರ ಮೈ ಮುಟ್ಟಿಲ್ಲ. ನಮ್ಮ ಮಕ್ಕಳು ಬದುಕಿರುವುದೇ ಈ ಬಿಲದಿಂದ.

"ಮುಟ್ಟಿಲ್ಲ, ನಿಜ," ಎಂದಳು ಚಿಪ್ಪಜ್ಜಿ. "ನೀವು ಒಬ್ಬರಿಗೊಬ್ಬರು ಹೆದರ್ತೀರಿ. ಮಳೆ ಯಾರಿಗೆ ಹೆದರುತ್ತೆ?"

ಉತ್ತರವಿಲ್ಲದ ಪ್ರಶ್ನೆ ಬಂದಾಗ ಸಭೆಗಳು ಏನು ಮಾಡುತ್ತವೋ ಇದೂ ಅದನ್ನೇ ಮಾಡಿತು. ಬೇರೆ ಪ್ರಶ್ನೆಗೆ ಹೋಯಿತು. ಒಂದು ಗೇಣು ತುಂಬುವುದಾದರೆ, ಯಾರ ಗೇಣು?

ಏಡಿಗೆ ಗೇಣು ಎಂದರೆ ಇಕ್ಕಳದಂಥ ಎರಡು ಕೊಂಬು ಚಾಚಿದರೆ ಆಗುವಷ್ಟು. ಹೆಗ್ಗಣಕ್ಕೆ ಗೇಣು ಎಂದರೆ ಮೂತಿಯಿಂದ ಬಾಲದ ಬುಡದವರೆಗೆ. ಹೆಗ್ಗಣದ ಗೇಣು ದೊಡ್ಡದು. ಹಾಗಾದರೆ ಅವರು ಅವರ ಗೇಣು ತುಂಬಲಿ, ನಾವು ನಮ್ಮ ಗೇಣು ತುಂಬುತ್ತೇವೆ ಎಂದರು ಏಡಿಗಳು. ಅದು ಹೇಗಾಗುತ್ತದೆ, ನಮ್ಮದು ಹೆಚ್ಚಾಯಿತಲ್ಲ ಎಂದವು ಹೆಗ್ಗಣಗಳು. ಬಾಲವನ್ನು ಯಾಕೆ ಬಿಟ್ಟಿರಿ, ಬಾಲವೂ ಮೈಯಲ್ಲವೇ ಎಂದು ಒಂದು ಏಡಿ ಕೇಳಿತು. ಬಾಲದ ಮಾತು ಹೆಗ್ಗಣಗಳ ಮುಂದೆ ಎತ್ತಬಾರದಿತ್ತು. ಹಳೆಯ ಬಾಲದ ಕತೆ ಹೊರಗೆ ಬಂದು ಅದರಲ್ಲೇ ಒಂದು ದಿನ ಹೋಯಿತು.

ಎರಡನೇ ದಿನ ಯಾರು ಮೊದಲು ತುಂಬಬೇಕು ಎಂಬ ಚರ್ಚೆ. ನೀವು ಮೊದಲು ಎಂದು ಇವರು, ನೀವು ಮೊದಲು ಎಂದು ಅವರು. ಮದುವೆ ಮನೆಯ ಬಾಗಿಲಲ್ಲಿ ಬೀಗರು ಹೇಳಿಕೊಳ್ಳುವಂತೆ ಕೇಳಿಸುತ್ತಿತ್ತು, ಅಷ್ಟು ಮರ್ಯಾದೆ ಮಾತ್ರ ಅದರಲ್ಲಿರಲಿಲ್ಲ.

ಮೂರನೇ ದಿನ, ತುಂಬಿದ್ದಾರೋ ಇಲ್ಲವೋ ಎಂದು ನೋಡುವವರು ಯಾರು ಎಂಬುದು. ನೋಡಬೇಕಾದರೆ ಬಿಲದೊಳಗೆ ಹೋಗಬೇಕು. ಒಳಗೆ ಹೋದವರಿಗೆ ಬಿಲ ಎಷ್ಟು ಉದ್ದ ಎಂದು ಗೊತ್ತಾಗುತ್ತದೆ. ಅದು ಗುಟ್ಟು.

"ಯಾರೂ ಒಳಗೆ ಹೋಗೋದು ಬೇಡ," ಎಂದಳು ಚಿಪ್ಪಜ್ಜಿ. "ಒಂದೇ ದಿನ, ಒಂದೇ ಹೊತ್ತಿಗೆ ಇಬ್ಬರೂ ತುಂಬಿ. ನಾನು ಮೇಲೆ ಮಲಗಿ ಕೇಳಿಸ್ಕೋತೀನಿ. ತುಂಬೋ ಸದ್ದೇ ಬೇರೆ, ತೋಡೋ ಸದ್ದೇ ಬೇರೆ. ಇನ್ನೊಂದು ಮಾತು. ನಿಮ್ಮ ಬಿಲಗಳು ಎದುರುಬದುರು ಇಲ್ಲ. ಅಕ್ಕಪಕ್ಕ ಇವೆ. ಒಂದನ್ನೊಂದು ಯಾವತ್ತೋ ದಾಟಿ ಹೋಗಿವೆ. ನಡುವೆ ಇರೋದು ಒಂದು ತೆಳು ಗೋಡೆ. ಅದು ಎಷ್ಟು ತೆಳು ಅಂತ ನಿಮಗೆ ಗೊತ್ತಿಲ್ಲ."

ಒಂದು ಕ್ಷಣ, ಒಂದೇ ಕ್ಷಣ, ಇಕ್ಕಳಯ್ಯ ಮತ್ತು ಗುದ್ದಲವ್ವ ಒಬ್ಬರ ಮುಖ ಒಬ್ಬರು ನೋಡಿದರು.

ಆಮೇಲೆ ಇಕ್ಕಳಯ್ಯ ಕೇಳಿದ: "ನಮ್ಮ ಬಿಲ ಎಲ್ಲಿಯವರೆಗೆ ಬಂದಿದೆ ಅಂತ ನಿನಗೆ ಹೇಗೆ ಗೊತ್ತು?"

"ಅದನ್ನೇ ನಾನೂ ಕೇಳಬೇಕು ಅಂತಿದ್ದೆ," ಎಂದಳು ಗುದ್ದಲವ್ವ. ಹದಿನಾಲ್ಕು ವರ್ಷದಲ್ಲಿ ಅವರಿಬ್ಬರೂ ಒಂದು ಮಾತಿಗೆ ಒಪ್ಪಿದ್ದು ಅದೇ ಮೊದಲು.

ಅಜ್ಜಿ ಬೇಹುಗಾರ್ತಿ ಎಂದು ಒಂದು ಕಡೆಯಿಂದ ಕೂಗು ಬಂತು. ತನ್ನ ಮೊಟ್ಟೆ ಉಳಿಸಿಕೊಳ್ಳಲು ನಮ್ಮ ರಕ್ಷಣೆಯನ್ನೇ ಬಿಟ್ಟುಕೊಡಿ ಎನ್ನುತ್ತಿದ್ದಾಳೆ ಎಂದು ಇನ್ನೊಂದು ಕಡೆಯಿಂದ. ಕಪ್ಪೆಗಳು ಎರಡಕ್ಕೂ ವಟಗುಟ್ಟಿದವು. ಮೊಟ್ಟೆಗಾಗಿಯೇ ಬಂದಿದ್ದೇನೆ, ಇಲ್ಲವೆಂದೆನೇ, ನಿಮ್ಮ ಮರಿಗಳೂ ಅಲ್ಲೇ ಕೆಳಗಿವೆಯಲ್ಲ ಎಂದು ಚಿಪ್ಪಜ್ಜಿ ಹೇಳಿದ್ದು ಆ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ.

ಸಂಜೆ ಗುದ್ದಲವ್ವ ಒಬ್ಬಳೇ ಹೊಂಗೆ ಮರದ ಹತ್ತಿರ ಬಂದಳು. ಬಹಳ ಪ್ರೀತಿಯಿಂದ ಮೊಟ್ಟೆಗಳ ಯೋಗಕ್ಷೇಮ ವಿಚಾರಿಸಿದಳು. ಆಮೇಲೆ ದನಿ ತಗ್ಗಿಸಿ, "ಅಜ್ಜಿ, ಅವರದು ಎಲ್ಲಿಗೆ ಬಂದಿದೆ?" ಎಂದಳು.

"ನಿನ್ನ ಪಕ್ಕಕ್ಕೆ."

"ಪಕ್ಕದ್ದು ಬಿಡಿ. ಮುಂದಕ್ಕೆ ಎಷ್ಟು?"

ಚಿಪ್ಪಜ್ಜಿ ಕತ್ತನ್ನು ಚಿಪ್ಪಿನೊಳಗೆ ಎಳೆದುಕೊಂಡಳು. ಬೆಳಗಾಗುತ್ತಲೇ ಇಕ್ಕಳಯ್ಯ ಬಂದ. ಅವನ ಪ್ರಶ್ನೆಯೂ ಅದೇ. ಅವನು ಮೊಟ್ಟೆಗಳ ಯೋಗಕ್ಷೇಮ ಕೇಳಲಿಲ್ಲ, ಅಷ್ಟು ವ್ಯತ್ಯಾಸ.

ನಾಲ್ಕನೇ ದಿನ ಮುಳ್ಳಪ್ಪ ಸಭೆಯನ್ನು ಉಳಿಸಿದ. ಅವನು ಕೆಟ್ಟವನಲ್ಲ ಮಕ್ಕಳೇ, ಅವನಿಗೆ ಸಭೆ ಚೆನ್ನಾಗಿ ಮುಗಿಯಬೇಕಿತ್ತು. ಮೈ ಕೊಡವಿ ಸರಿಸಮ ಉದ್ದದ ಎರಡು ಮುಳ್ಳು ಉದುರಿಸಿದ. ಇನ್ನು ಗೇಣಿನ ಜಗಳ ಬೇಡ, ಒಂದು ಮುಳ್ಳೇ ಅಳತೆ ಎಂದ. ಏಡಿಗಳಿಗೊಂದು, ಹೆಗ್ಗಣಗಳಿಗೊಂದು. ಎಲ್ಲರಿಗೂ ಇದು ಹಿಡಿಸಿತು.

ಮಾತು ಮಾತ್ರ ಒಂದು ಕಡೆ ಸಿಕ್ಕಿಕೊಂಡಿತ್ತು. ಒಂದು ಮುಳ್ಳು ಮಣ್ಣು "ತುಂಬಬೇಕು" ಎಂದರೆ ಇಬ್ಬರೂ ಒಪ್ಪುತ್ತಿರಲಿಲ್ಲ. ತುಂಬುವುದೆಂದರೆ ಸೋತಂತೆ, ತಮ್ಮವರಿಗೆ ಏನೆಂದು ಹೇಳುವುದು? ಮುಳ್ಳಪ್ಪ ಬಹಳ ಯೋಚಿಸಿ ಒಂದು ಪದವನ್ನು ಬದಲಾಯಿಸಿದ.

"ಪ್ರತಿ ಬಿಲದ ಮುಂದೆ ಒಂದು ಮುಳ್ಳು ಮಣ್ಣು ಇರಬೇಕು. ಆಯ್ತೇ?"

ಆಯ್ತು ಎಂದರು ಇಬ್ಬರೂ, ಕೂಡಲೇ.

"ನಾನು ಹೇಳಿದ್ದು ತುಂಬಬೇಕು ಅಂತ," ಎಂದಳು ಚಿಪ್ಪಜ್ಜಿ.

"ಇರಬೇಕು ಅಂದರೂ ಅದೇ ಅಲ್ಲವೇ ಅಜ್ಜಿ? ಮಣ್ಣು ಇದ್ದರಾಯಿತು. ಹೇಗೆ ಬಂತು ಅಂತ ಯಾಕೆ ಕೇಳಬೇಕು?"

ಕಪ್ಪೆಗಳ ಸಂಭ್ರಮ ಬಿದಿರುಮೆಳೆಯವರೆಗೂ ಕೇಳಿಸಿತು. ಕೇಳಿಸಿಕೊಂಡು ಹೇಳುವ ಕೆಲಸಕ್ಕೆ ಚಿಪ್ಪಜ್ಜಿ ಬೇಡ ಎಂದು ತೀರ್ಮಾನವಾಯಿತು. ಅವರವರ ಬಿಲ ಅವರವರೇ ಅಳೆದುಕೊಳ್ಳುವುದು.

ಅಳೆದುಕೊಂಡರು. ಇಕ್ಕಳಯ್ಯನ ಲೆಕ್ಕ ಹೀಗಿತ್ತು: ಏರಿಯ ದಪ್ಪ ಹನ್ನೆರಡು ಮುಳ್ಳು, ನಮ್ಮ ಬಿಲ ಹತ್ತೂವರೆ, ಮುಂದೆ ಉಳಿದಿರುವುದು ಒಂದೂವರೆ. ಇರಬೇಕಾದದ್ದು ಒಂದು. ಅಂದರೆ ಇನ್ನೂ ಅರ್ಧ ಮುಳ್ಳು ತೋಡುವ ಹಕ್ಕು ನಮಗಿದೆ. ಏರಿಯ ಆ ಕಡೆ ಗುದ್ದಲವ್ವನೂ ಅಳೆಸಿದಳು. ಅವಳಿಗೂ ಒಂದೂವರೆಯೇ ಬಂತು. ಅವಳೂ ಅರ್ಧ ಮುಳ್ಳು ಕಂಡುಕೊಂಡಳು. ಎದುರಿನವರು ತಮ್ಮ ಹಕ್ಕನ್ನು ಬಿಡುವವರಲ್ಲ ಎಂಬುದರಲ್ಲಿ ಇಬ್ಬರಿಗೂ ಅನುಮಾನವಿರಲಿಲ್ಲ. ಹಾಗಾಗಿ ತಾವೂ ಬಿಡುವಂತಿರಲಿಲ್ಲ.

ಇಬ್ಬರ ಲೆಕ್ಕವೂ ಸರಿಯಾಗಿತ್ತು. ಆದರೆ ಇಬ್ಬರೂ ಮುಂದಕ್ಕೆ ಅಳೆದಿದ್ದರು. ಪಕ್ಕಕ್ಕೆ ಮುಳ್ಳು ಹಿಡಿದವರು ಯಾರೂ ಇರಲಿಲ್ಲ. ಒಪ್ಪಂದದಲ್ಲಿ ಪಕ್ಕದ ಮಾತೇ ಇರಲಿಲ್ಲವಲ್ಲ.

ಮೃಗಶಿರ ಮಳೆ ಚೆನ್ನಾಗಿ ಆಯಿತು. ಆರಿದ್ರಾ ಇನ್ನೂ ಚೆನ್ನಾಗಿ. ಕೆರೆ ಕೋಡಿ ಬಿತ್ತು, ಅಂದರೆ ತುಂಬಿ ಹೆಚ್ಚಿನ ನೀರು ಅಂಚಿನಿಂದ ಹರಿಯತೊಡಗಿತು. ಏರಿಯ ಮಣ್ಣು ನೆನೆದು ಕರಗುವ ಬೆಲ್ಲದಂತಾಯಿತು. ಹೆಗ್ಗಣಗಳ ಕಾವಲುಗಾರ ಬಿಲದ ಗೋಡೆ ಬೆವರುತ್ತಿದೆ ಎಂದು ಯಜಮಾನಿಗೆ ಹೇಳಿದ. ಬಾಯಿ ಬಿಡಬೇಡ, ನಮ್ಮ ಬಿಲ ನೀರಿಗೆ ಎಷ್ಟು ಹತ್ತಿರ ಎಂದು ಅವರಿಗೆ ತಿಳಿದುಹೋಗುತ್ತದೆ ಎಂದು ಗುದ್ದಲವ್ವ ಗದರಿದಳು. ಏಡಿಗಳ ಕಾವಲುಗಾರ ಗೋಡೆಯ ಮಣ್ಣು ಕಳಚಿ ಬೀಳುತ್ತಿದೆ ಎಂದ. ಅವನಿಗೂ ಅದೇ ಉತ್ತರ ಸಿಕ್ಕಿತು.

ಒಂದು ಮಧ್ಯಾಹ್ನ ಮಳೆ ಬಿಟ್ಟು ಬಿಸಿಲು ಬಂದಿತ್ತು. ಚಿಪ್ಪಜ್ಜಿ ಮೊಟ್ಟೆಗಳ ಮೇಲೆ ಮಲಗಿದ್ದಳು. ಒಂಬತ್ತು ತಿಂಗಳಲ್ಲಿ ಮೊದಲ ಸಲ ಮಣ್ಣಿನೊಳಗಿಂದ ಒಂದು ಹೊಸ ಸದ್ದು ಬಂತು. ಟಿಕ್, ಟಿಕ್. ಮರಿಯೊಂದು ಒಳಗಿನಿಂದ ಮೂತಿಯಲ್ಲಿ ಮೊಟ್ಟೆ ಒಡೆಯುತ್ತಿತ್ತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಹೊರಗೆ ಬರಲು ಅವಕ್ಕೆ ಇನ್ನೊಂದು ದಿನ ಬೇಕು, ಹೆಚ್ಚೆಂದರೆ ಎರಡು.

ಅದರ ಕೆಳಗೆ ಇನ್ನೆರಡು ಸದ್ದು. ಬರ್ ಬರ್ ಎಂದು ಹೆಗ್ಗಣದ ಉಗುರು, ಕರ್ ಕರ್ ಎಂದು ಏಡಿಯ ಕೊಂಬು. ಅರ್ಧ ಮುಳ್ಳಿನ ಕೆಲಸ ನಡೆದಿತ್ತು. ಇವುಗಳ ನಡುವೆ, ಬಹಳ ಸಣ್ಣಗೆ, ನೀರು ತೊಟ್ಟಿಕ್ಕುವ ಸದ್ದು.

ಚಿಪ್ಪಜ್ಜಿ ಏರಿಯ ಒಂದು ಅಂಚಿಗೆ ತೆವಳಿ ನೀರಿನ ಕಡೆಗೆ ಕೂಗಿದಳು, ಇನ್ನೊಂದು ಅಂಚಿಗೆ ತೆವಳಿ ಬಯಲಿನ ಕಡೆಗೆ ಕೂಗಿದಳು. "ನಿಲ್ಲಿಸಿ. ಗೋಡೆ ಹೋಗ್ತಿದೆ. ಉಗುರು ತೆಗೀರಿ."

ಅವರು ನಿಲ್ಲಿಸಿದರು, ಮಕ್ಕಳೇ. ನಿಜವಾಗಿಯೂ ನಿಲ್ಲಿಸಿದರು. ಎರಡೂ ಬಿಲಗಳಲ್ಲಿ ಸದ್ದಡಗಿತು.

ಏಡಿ ಕಿವಿಗೊಟ್ಟಿತು. ಆಚೆ ತೋಡುವ ಸದ್ದಿಲ್ಲ. ಅಂದರೆ ಅವರು ತೋಡಿ ಮುಗಿಸಿದ್ದಾರೆ ಅಂದುಕೊಂಡಿತು. ಹೆಗ್ಗಣವೂ ಕಿವಿಗೊಟ್ಟಿತು. ಅದಕ್ಕೂ ಸದ್ದು ಕೇಳಿಸಲಿಲ್ಲ, ಅದೂ ಹಾಗೇ ಅಂದುಕೊಂಡಿತು. ಎರಡೂ ಬಿಲಗಳಿಂದ ಅಪ್ಪಣೆ ಕೇಳಲು ಓಡಿದವು. ಎರಡೂ ಕಡೆ ಅಪ್ಪಣೆ ಸಿಕ್ಕಿತು. ತಡಮಾಡಬೇಡಿ ಎಂದು.

ಅಪ್ಪಣೆ ಹಿಡಿದು ಬಂದವರಿಗೆ ಕಡೇಗೇಣಿನವರೆಗೆ ಹೋಗುವ ಕೆಲಸವೇ ಬೀಳಲಿಲ್ಲ. ಅವರು ಬಿಲದೊಳಗೆ ನುಗ್ಗಿದ ಅದುರಿಗೆ ನಡುವಿನ ಗೋಡೆ ಕುಸಿಯಿತು.

ಮೊದಲು ಬಯಲಿನ ಕಡೆಯ ಬಿಲದ ಬಾಯಿಂದ ಬೆರಳು ಗಾತ್ರದ ನೀರು ಬಂತು. ಒಂದು ಕಪ್ಪೆ ಅದನ್ನು ನೋಡಿ ವಟ ಎಂದಿತು. ಎರಡನೇ ಸಲ ವಟ ಎನ್ನುವಷ್ಟರಲ್ಲಿ ನೀರು ಮರದ ದಿಮ್ಮಿಯ ಗಾತ್ರಕ್ಕೆ ಬಂದಿತ್ತು. ಆಮೇಲೆ ಹೊಂಗೆ ಮರ ಬೇರು ಸಮೇತ ಕೆಳಗಿಳಿಯಿತು, ಅದರೊಂದಿಗೆ ಏರಿಯ ನೆತ್ತಿ, ಅದರೊಂದಿಗೆ ಹನ್ನೊಂದು ಮೊಟ್ಟೆಗಳಿದ್ದ ಮಣ್ಣು. ಚಿಪ್ಪಜ್ಜಿ ಆ ಮಣ್ಣಿನ ಮೇಲೆ ನಾಲ್ಕೂ ಕಾಲು ಊರಿ ನಿಂತೇ ಇದ್ದಳು. ನಿಂತರೆ ಉಳಿಯುತ್ತದೇನೋ ಎನ್ನುವ ಹಾಗೆ.

ಹೆಗ್ಗಣಗಳ ಊರು ಇದ್ದದ್ದು ತಗ್ಗಿನಲ್ಲಿ, ನೆಲದೊಳಗೆ. ಅಲ್ಲಿಂದ ಹೊರಬರಲು ಎಷ್ಟೋ ಬಾಗಿಲುಗಳಿದ್ದವು, ಎಲ್ಲ ಬಾಗಿಲಿನಿಂದಲೂ ನೀರು ಒಳಗೆ ಹೋಗುತ್ತಿತ್ತು. ಸಂಜೆಯ ಹೊತ್ತಿಗೆ ಬಯಲು ಕೆಂಪು ಕೆಸರಾಗಿ ಸಮತಟ್ಟಾಯಿತು. ಮರುದಿನ ಕೆರೆಯ ತಳ ಕಾಣಿಸಿತು. ಮೀನುಗಳು ಒದ್ದಾಡಿ ಸುಮ್ಮನಾದವು. ಏಡಿಗಳು ಕೆಸರಿನಲ್ಲಿ ಅಡಗಲು ನೋಡಿದವು, ಹದ್ದು ಕೊಕ್ಕರೆಗಳು ಎಲ್ಲೆಲ್ಲಿಂದಲೋ ಬಂದಿಳಿದವು. ಮೂರು ದಿನ ಅವಕ್ಕೆ ಹಬ್ಬ.

ನಾಲ್ಕನೇ ದಿನ ಮುಳ್ಳಪ್ಪ ಮತ್ತೆ ಸಭೆ ಕರೆದ. ಬಂದವರು ಏಳು ಜನ. ಒಂದು ಕೊಂಬು ಕಳೆದುಕೊಂಡ ಇಕ್ಕಳಯ್ಯ, ಅವನ ಕಡೆಯ ಒಂದು ಏಡಿ. ಕೊಚ್ಚಿಹೋಗುತ್ತಿದ್ದ ಬಿದಿರು ಹಿಡಿದು ಉಳಿದ ಗುದ್ದಲವ್ವ. ಅವಳ ಮರಿಗಳಲ್ಲಿ ಒಂದೂ ಉಳಿದಿರಲಿಲ್ಲ. ಮೂರು ಕಪ್ಪೆಗಳು. ಬಯಲಿನ ಕೆಸರಿನಲ್ಲಿ ಎಲ್ಲೋ ಸಿಕ್ಕಿಕೊಂಡಿದ್ದು, ಚಿಪ್ಪಿನ ಒಂದು ಮೂಲೆ ಸೀಳಿಸಿಕೊಂಡು ಎದ್ದುಬಂದ ಚಿಪ್ಪಜ್ಜಿ.

ಚರ್ಚೆಯ ವಿಷಯ, ಒಪ್ಪಂದ ಮುರಿದವರು ಯಾರು ಎಂಬುದು. ನಮ್ಮ ಬಿಲದ ಮುಂದೆ ಕೊನೆಯವರೆಗೂ ಒಂದು ಮುಳ್ಳು ಮಣ್ಣು ಇತ್ತು ಎಂದ ಇಕ್ಕಳಯ್ಯ. ನಮ್ಮ ಮುಂದೆಯೂ ಇತ್ತು ಎಂದಳು ಗುದ್ದಲವ್ವ. ಇಬ್ಬರೂ ಸತ್ಯವನ್ನೇ ಹೇಳುತ್ತಿದ್ದರು. ಬಿರಿದ ಏರಿಯಲ್ಲಿ ಹೋಗಿ ನೋಡಬಹುದಿತ್ತು, ಎರಡು ಕಡೆಯ ಆ ಒಂದೊಂದು ಮುಳ್ಳು ಮಣ್ಣು ಇನ್ನೂ ಅಲ್ಲೇ ಗಟ್ಟಿಯಾಗಿ ನಿಂತಿತ್ತು. ಹೋಗಿದ್ದದ್ದು ನಡುವಿನದು.

ಕೊನೆಗೆ ಮುಳ್ಳಪ್ಪ ಚಿಪ್ಪಜ್ಜಿಯ ಕಡೆ ತಿರುಗಿದ. "ಅಜ್ಜಿ, ಮೇಲಿದ್ದವರು ನೀವೊಬ್ಬರೇ. ನಿಮಗೆ ಕೇಳಿಸಿರುತ್ತೆ. ಮೊದಲು ಕೈ ಹಾಕಿದ್ದು ಯಾರು?"

ಚಿಪ್ಪಜ್ಜಿ ಬಿರಿದ ಏರಿಯ ಕಡೆಗೆ ಕತ್ತು ಚಾಚಿ ನೋಡಿದಳು. ಆಮೇಲೆ ಒಂದು ಪ್ರಶ್ನೆ ಕೇಳಿದಳು. "ಇಲ್ಲಿಂದ ಮುಂದಿನ ನೀರು ಎಷ್ಟು ದೂರ?"

ಇಕ್ಕಳಯ್ಯ ಗುದ್ದಲವ್ವನನ್ನು ನೋಡಿದ. ಗುದ್ದಲವ್ವ ಮುಳ್ಳಪ್ಪನನ್ನು ನೋಡಿದಳು. ಮುಳ್ಳಪ್ಪ ಕಪ್ಪೆಗಳನ್ನು ನೋಡಿದ. ಆ ಕಾಡಿನಲ್ಲಿ ಇನ್ನೊಂದು ಕೆರೆ ಇದೆಯೋ ಇಲ್ಲವೋ ಎಂದು ಅವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ನೀತಿ: ಎಲ್ಲರ ತಲೆಯ ಮೇಲಿರುವ ಅಪಾಯವನ್ನು ನಿನ್ನದು ನನ್ನದೆಂದು ಗುಟ್ಟಾಗಿ ಬೇರೆ ಬೇರೆ ಅಳೆದರೆ, ನಡುವಿನ ಗೋಡೆ ಯಾರ ಲೆಕ್ಕಕ್ಕೂ ಬರುವುದಿಲ್ಲ.